ಕೊಬ್ಬರಿ ಸೀಮೆಯಲ್ಲಿ ನಿಂತ ಫಿಯಟ್

ಪದ್ಮಿನಿ ಕಾರಿನ ಬಾನೆಟ್ ಕೆಳಗಿರುವ ಎಂಜಿನ್ನಿನ ಜಾತಕ ಶುರುವಾಗುವುದು 1937ರಲ್ಲಿ. ಇಟಲಿಯ ಫಿಯಟ್ ಕಂಪನಿ ಆ ವರ್ಷ ತನ್ನ 508ಸಿ ಕಾರಿಗೆ ನಾಲ್ಕು ಸಿಲಿಂಡರಿನ ಒಂದು ಎಂಜಿನ್ ಕೂರಿಸಿತು. ಸಿಲಿಂಡರಿನ ಒಳವ್ಯಾಸ 68 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರ್, ಒಟ್ಟು 1089 ಸಿ.ಸಿ. ಮಹಾಯುದ್ಧ ಬಂದು ಹೋಯಿತು, ಕಾರಿನ ಮೈಕಟ್ಟು ಹಲವು ಸಲ ಬದಲಾಯಿತು, ಈ ಅಳತೆ ಮಾತ್ರ ಉಳಿದು ಬಂತು. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಫಿಯಟ್ 1100ರಲ್ಲೂ ಇದೇ ಅಳತೆ, 1974ರಲ್ಲಿ ಆ ಕಾರಿಗೆ ಪದ್ಮಿನಿ ಎಂದು ಹೆಸರಿಟ್ಟ ಮೇಲೂ ಇದೇ ಅಳತೆ.

ಮೈಸೂರು ಸೀಮೆಗೂ ಈ ಕಾರಿಗೂ ಕೈಗೂಡದೆ ಹೋದ ಒಂದು ನಂಟಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು, ನಮ್ಮಲ್ಲೂ ಕಾರು ತಯಾರಾಗಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಬೆಂಗಳೂರಿನಲ್ಲೇ ಕಾರ್ಖಾನೆ ಆಗಲಿ ಎಂದು ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆಂಬಲಕ್ಕೂ ನಿಂತಿತ್ತು. ಯುದ್ಧಕಾಲದ ಬ್ರಿಟಿಷ್ ಆಡಳಿತ ಒಪ್ಪಲಿಲ್ಲ. ವಾಲಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿಯನ್ನು ಬೊಂಬಾಯಿಯಲ್ಲಿ ಶುರು ಮಾಡಿದರು. ಬೆಂಗಳೂರಿಗೆ ಅವರಿಂದ ದಕ್ಕಿದ್ದು ವಿಮಾನ ಕಾರ್ಖಾನೆ. ಬೆಂಗಳೂರಲ್ಲಿ ಹುಟ್ಟಬಹುದಾಗಿದ್ದ ಕಾರು ಹೀಗೆ ಬೊಂಬಾಯಿಯಿಂದ ಬಂದು, ಬಿ.ಎಚ್. ರಸ್ತೆ ಹಿಡಿದು ತಿಪಟೂರಿನ ಕೊಬ್ಬರಿ ರವಾನೆದಾರರ ಮನೆ ಮುಂದೆ ನಿಂತಿತು.

ನಿಂತದ್ದು ಕೆಲವು ಕಡೆ ಇನ್ನೂ ನಿಂತೇ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಲ್ಲಿ, ಗರಿ ಹೊದಿಸಿದ ಚಪ್ಪರದಡಿ, ಮಟ್ಟೆಯ ರಾಶಿ ಪಕ್ಕದಲ್ಲಿ, ಗಾಳಿ ಹೋದ ಟೈರುಗಳ ಮೇಲೆ. ಮಗನೋ ಮೊಮ್ಮಗಳೋ ಒಂದು ದಿನ ಮನಸ್ಸು ಮಾಡಿ ಬಾನೆಟ್ ಎತ್ತುತ್ತಾರೆ. ಓಡಿಸಿ ಓಡಿಸಿ ಸವೆದು ಕೆಟ್ಟ ಎಂಜಿನ್ ಅಲ್ಲಿ ಸಿಗುವುದು ಕಡಿಮೆ. ನೀರಿನಿಂದ ಕೆಟ್ಟದ್ದೇ ಹೆಚ್ಚು. ಹೊರಗಿನ ಗಾಳಿಯ ಪಸೆ, ರೇಡಿಯೇಟರಿನ ಬೋರ್‌ವೆಲ್ ನೀರು, ಪೆಟ್ರೋಲು ಉರಿದು ಹುಟ್ಟಿದ ನೀರು, ಹೀಗೆ ಮೂರು ಕಡೆಯಿಂದ ಎಂಜಿನ್ನಿಗೆ ನೀರು ತಗಲುತ್ತದೆ. ಮನೆಯಂಗಳದಲ್ಲಿ ಹಳೆಯ ಎಂಜಿನ್ನಿಗೆ ಜೀವ ಕೊಡುವ ಕೆಲಸದ ಬಹುಪಾಲು ಈ ನೀರಿನ ಗುರುತು ಹುಡುಕುವುದೇ.

ಮೊದಲು ಗಾಳಿಯ ಪಸೆ. ಕಬ್ಬಿಣದ ದಪ್ಪ ಗಟ್ಟಿ ರಾತ್ರಿಯೆಲ್ಲ ತಣ್ಣಗಾಗುತ್ತದೆ. ಬೆಳಿಗ್ಗೆ ಗಾಳಿ ಬೇಗ ಬಿಸಿಯಾದರೂ ಕಬ್ಬಿಣ ನಿಧಾನ. ಆ ತಣ್ಣನೆಯ ಮೈ ಮೇಲೆ ಇಬ್ಬನಿ ಕೂರುತ್ತದೆ, ಒಳಗೂ ಕೂರುತ್ತದೆ. ಎಂಜಿನ್ ಮುಚ್ಚಿದ ಪೆಟ್ಟಿಗೆಯಲ್ಲವೇ, ಒಳಗೆ ಗಾಳಿ ಹೇಗೆ ಹೋದೀತು ಎನ್ನಬಹುದು. ನಾಲ್ಕು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಒಂದು ಸಿಲಿಂಡರ್ ಗಾಳಿ ಎಳೆಯುವ ಹಂತದಲ್ಲಿ, ಇನ್ನೊಂದು ಹೊಗೆ ತಳ್ಳುವ ಹಂತದಲ್ಲಿ ಇರುತ್ತದೆ. ಮೊದಲನೆಯದರ ಒಳವಾಲ್ವ್ ಕಾರ್ಬ್ಯುರೇಟರಿನ ಕಡೆಗೆ, ಎರಡನೆಯದರ ಹೊರವಾಲ್ವ್ ಸೈಲೆನ್ಸರಿನ ಕಡೆಗೆ ಬಾಯಿ ತೆರೆದಿರುತ್ತದೆ. ವರ್ಷಗಟ್ಟಲೆ ಪಸೆ ಗಾಳಿ ಸೇರುವುದು ಈ ಎರಡಕ್ಕೆ. ಬಿಚ್ಚಿ ನೋಡಿದರೆ ಎರಡು ಸಿಲಿಂಡರ್ ಹೊಳೆಯುತ್ತಿದ್ದು ಇನ್ನೆರಡು ಕೆಂಪಗಿರುವುದು ಇದಕ್ಕೇ. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅಷ್ಟು ಕಿರಿದಾದ ಸಂದಿನಲ್ಲಿ ತುಕ್ಕು ಬೆಳೆದರೆ ಪಿಸ್ಟನ್ ರಿಂಗುಗಳು ಗೋಡೆ ಕಚ್ಚಿಕೊಳ್ಳುತ್ತವೆ. ಎಂಜಿನ್ ಜಾಮ್ ಆಗಿದೆ ಎನ್ನುವುದು ಇದನ್ನೇ.

ಆಗ ಸ್ವಯಂ ಚಾಲಿತ ಗೇರಿನ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ, ಅದಿಲ್ಲದಿದ್ದರೆ ಡೀಸೆಲ್ಲನ್ನು, ಸ್ಪಾರ್ಕ್ ಪ್ಲಗ್ ತೂತಿನಿಂದ ಬಿಟ್ಟು ಕಾಯಬೇಕು. ತೆಳ್ಳಗಿನ ದ್ರವ ಕಿರುಸಂದಿನೊಳಕ್ಕೆ ತಾನಾಗಿ ನುಸುಳುತ್ತದೆ, ದೀಪದ ಬತ್ತಿಗೆ ಎಣ್ಣೆ ಏರುವುದೂ ಇದೇ ಗುಣದಿಂದ. ಕೊಬ್ಬರಿ ಸೀಮೆಯವರ ಕೈ ಇಂಥ ಹೊತ್ತಿನಲ್ಲಿ ಕೊಬ್ಬರಿ ಎಣ್ಣೆಯ ಕಡೆಗೇ ಹೋಗುತ್ತದೆ. ಅದು ಕೆಟ್ಟ ಎಣ್ಣೆಯೇನಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಶೇ. 90ರಷ್ಟು ಪರ್ಯಾಪ್ತ ಜಾತಿಯವು, ಹಾಗಾಗಿ ಅಗಸೆ ಎಣ್ಣೆಯ ಹಾಗೆ ಗಾಳಿಗೆ ಒಣಗಿ ಅಂಟಾಗುವುದಿಲ್ಲ. ಆದರೆ 24-25 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದು ಗಟ್ಟಿ. ಧನುರ್ಮಾಸದಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಡದ ಮನೆ ಈ ಕಡೆ ಯಾವುದಿದೆ? ಗಟ್ಟಿಯಾದ ಎಣ್ಣೆ ಸಂದಿಗೆ ಇಳಿಯುವುದೆಂತು? ಸಸ್ಯಜನ್ಯ ಎಣ್ಣೆಗಳಲ್ಲಿ ಎಂಜಿನ್ನಿಗೆ ನಿಜವಾಗಿ ಒದಗಿದ್ದು ಹರಳೆಣ್ಣೆ. ಮೊದಲ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನ್ನುಗಳಿಗೆ ಅದನ್ನೇ ಹಾಕುತ್ತಿದ್ದರು, ಏಕೆಂದರೆ ಪೆಟ್ರೋಲು ಅದನ್ನು ಸುಲಭವಾಗಿ ತೊಳೆದು ಹಾಕಲಾರದು. ಕ್ಯಾಸ್ಟ್ರಾಲ್ ಕಂಪನಿಯ ಹೆಸರಿನೊಳಗೆ ಇರುವುದೂ ಈ ಹರಳೆಣ್ಣೆಯೇ.

ಎಣ್ಣೆ ನೆನೆದ ಮೇಲೆ ಕಾರನ್ನು ಟಾಪ್ ಗೇರಿಗೆ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಬೇಕು. ಸ್ಟಾರ್ಟರ್ ಮೋಟಾರಿನಿಂದ ಬಲವಂತ ಮಾಡಿದರೆ ರಿಂಗು ಮುರಿಯುತ್ತದೆ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಗೆದ್ದ ಹಾಗೆ.

ಎಂಜಿನ್ ಹೊರಗೆ ತೆಗೆಯಲು ಚೈನ್ ಪುಲ್ಲಿ ಬೇಕು, ಅದನ್ನು ನೇತು ಹಾಕಲು ಗಟ್ಟಿ ತೊಲೆ ಬೇಕು. ತೋಟದಲ್ಲಿ ಬಿದ್ದ ತೆಂಗಿನ ಮರ ಕಣ್ಣಿಗೆ ಬೀಳುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಾವು, ಹಲಸು, ತೇಗಗಳಲ್ಲಿ ಗಟ್ಟಿ ಕಾಷ್ಠ ನಡುವಿನಲ್ಲಿರುತ್ತದೆ. ತೆಂಗು ಹುಲ್ಲಿನ ದೂರದ ನಂಟ, ಏಕದಳ ಸಸ್ಯ. ವರ್ಷಕ್ಕೊಂದು ಬಳೆ ಸೇರಿಸಿಕೊಂಡು ದಪ್ಪವಾಗುವ ಜಾಯಮಾನ ಅದರದಲ್ಲ. ಅದರ ಬಲವೆಲ್ಲ ಹೊರಸುತ್ತಿನ ಕಪ್ಪು ನಾರಿನ ಕಂತೆಯಲ್ಲಿದೆ, ನಡುವೆ ಇರುವುದು ಮೆತ್ತನೆಯ ತಿರುಳು. ಗಾಳಿಗೆ ಬಳುಕುವ ಕಂಬಕ್ಕೆ ಇದು ಸರಿಯಾದ ರಚನೆಯೇ, ಏಕೆಂದರೆ ಬಾಗುವ ಕಂಬದಲ್ಲಿ ಒತ್ತಡ ಬೀಳುವುದು ಹೊರಮೈಗೆ, ನಡುವಿಗಲ್ಲ. ಹಳೆಯ ಬಡಗಿಗಳು ತೆಂಗನ್ನು ಸೀಳಿ ತಿರುಳು ತೆಗೆದು ಹೊರಭಾಗವನ್ನಷ್ಟೇ ಜಂತೆಗೆ ಬಳಸುತ್ತಿದ್ದುದು ಇದಕ್ಕಾಗಿ. ಆದರೆ ನಾವು ಚೈನು ಜಾರದಿರಲೆಂದು ದಿಮ್ಮಿಯ ಹೊರಮೈಯನ್ನೇ ಕೊಚ್ಚಿ ಕಚ್ಚು ಮಾಡಿದರೆ ಅದರ ಬೆನ್ನೆಲುಬನ್ನೇ ತೆಗೆದಂತೆ. ನೂರು ಕಿಲೋ ಮೀರಿದ ಎಂಜಿನ್ ಅದಕ್ಕೆ ತೂಗಿ ಬಿದ್ದಾಗ ಕೆಳಗೆ ಕಾಲಿರಬಹುದು. ಕಬ್ಬಿಣದ ತ್ರಿಪಾದಿಯನ್ನು ಬಾಡಿಗೆಗೆ ತರುವುದು ಒಳ್ಳೆಯದು.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಪ್ಲಗ್ ವೈರುಗಳಿಗೆ ನಂಬರು ಕಟ್ಟಿ. ಕಿಡಿ ಹಾರುವ ಸರದಿ 1-3-4-2. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ತುಕ್ಕು ತೆಗೆಯಲು ಮನೆಯಲ್ಲೇ ಎರಡು ದಾರಿಗಳಿವೆ. ಒಂದು ಹುಣಸೆ. ಅದರ ಟಾರ್ಟಾರಿಕ್ ಆಮ್ಲ ತುಕ್ಕಿನಲ್ಲಿರುವ ಕಬ್ಬಿಣದ ಅಯಾನನ್ನು ಹಿಡಿದು ನೀರಿಗೆ ಎಳೆಯುತ್ತದೆ. ಬೋಲ್ಟು, ಬ್ರಾಕೆಟ್ಟುಗಳಂಥ ಸಣ್ಣ ಸಾಮಾನಿಗೆ ಸಾಕು. ಎರಡನೆಯದು ವಿದ್ಯುತ್ತು. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತುದಿಯನ್ನು ಗುಜರಿ ಕಬ್ಬಿಣದ ತುಂಡಿಗೂ ಕಟ್ಟಬೇಕು. ಎರಡೂ ಒಂದಕ್ಕೊಂದು ತಾಗಬಾರದು. ಋಣ ತುದಿಗೆ ಇಲೆಕ್ಟ್ರಾನುಗಳು ಹರಿದು ಬಂದು ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಸಡಿಲಗೊಳ್ಳುತ್ತದೆ, ಹೊಮ್ಮುವ ಹೈಡ್ರೋಜನ್ ಗುಳ್ಳೆಗಳು ಅದನ್ನು ಎಬ್ಬಿಸುತ್ತವೆ. ಇದರ ಚೆಂದವೆಂದರೆ ಒಳಗಿನ ಒಳ್ಳೆಯ ಕಬ್ಬಿಣ ಒಂದಿಷ್ಟೂ ಕರಗುವುದಿಲ್ಲ. ಆಮ್ಲಕ್ಕೆ ಆ ವಿವೇಕವಿಲ್ಲ, ಅದು ತುಕ್ಕನ್ನೂ ತಿನ್ನುತ್ತದೆ, ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೂ ತಿನ್ನುತ್ತದೆ. ಟಬ್ಬನ್ನು ಬಯಲಲ್ಲೇ ಇಡಬೇಕು, ಹೈಡ್ರೋಜನ್ ಹತ್ತಿಕೊಳ್ಳುವ ಅನಿಲ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲಿನ ಹಳೆಯ ಲೋಟವನ್ನೋ ತಟ್ಟೆಯನ್ನೋ ಕಟ್ಟಲೇಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ವಾಲ್ವ್ ಸ್ಪ್ರಿಂಗುಗಳನ್ನೂ ಟಬ್ಬಿಗೆ ಹಾಕಬಾರದು. ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಂಡರೆ ಅದು ಪೆಳಸಾಗಿ ಮುರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಿಲಿಂಡರ್ ಹೆಡ್ಡಿನ ವಿಷಯ. ಪದ್ಮಿನಿಯ ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ. ಅಲ್ಯುಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಆದ್ದರಿಂದ ಸೋಡಾ ಟಬ್ಬು ಅದಕ್ಕಲ್ಲ. ಬಚ್ಚಲು ತೊಳೆಯುವ ಆಸಿಡ್ಡಂತೂ ಬೇಡವೇ ಬೇಡ. ಸೀಮೆಎಣ್ಣೆ, ಮರದ ಕಡ್ಡಿ, ತಾಳ್ಮೆ ಇಷ್ಟೇ ಸಾಕು.

ಇನ್ನು ಎರಡನೆಯ ನೀರು. ಚಿಕ್ಕನಾಯಕನಹಳ್ಳಿಯ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಹೆಸರುವಾಸಿ. ಕಬ್ಬಿಣದ ಅದಿರು, ಮ್ಯಾಂಗನೀಸ್ ಜೊತೆಗೆ ಸುಣ್ಣಕಲ್ಲೂ ಡಾಲಮೈಟೂ ಅಲ್ಲಿವೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟು ಕಾರ್ಖಾನೆ ಎದ್ದದ್ದು ಈ ಭಾಗದ ಸುಣ್ಣಕಲ್ಲನ್ನು ನಂಬಿ. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೆಳಗಿಳಿದಾಗ ಇಂಥ ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶ ಬೈಕಾರ್ಬೊನೇಟಾಗಿ ಕರಗಿ ಬೋರ್‌ವೆಲ್ಲಿಗೆ ಬರುತ್ತದೆ. ಕಾಯಿಸಿದೊಡನೆ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಕಲ್ಲಾಗಿ ಕೂರುತ್ತದೆ. ಬಚ್ಚಲಿನ ಹಂಡೆಯೊಳಗೆ ಕೈಯಾಡಿಸಿದರೆ ಸಿಗುವ ಬಿಳಿ ಹಕ್ಕಳೆ ಅದೇ. ಸಿಲಿಂಡರುಗಳ ಸುತ್ತ ನೀರು ಹರಿಯುವ ಪೊಳ್ಳಿನಲ್ಲಿ, ಅಂದರೆ ಎಂಜಿನ್ನಿನ ನೀರಿನ ಅಂಗಿಯಲ್ಲೂ ಅದೇ ಹಕ್ಕಳೆ, ಅದೂ ತೀರಾ ಬಿಸಿಯಾಗುವ ಜಾಗದಲ್ಲೇ, ಅಂದರೆ ಕೊನೆಯ ಸಿಲಿಂಡರಿನ ಹೊರವಾಲ್ವ್ ಸುತ್ತ ಹೆಚ್ಚು. ಒಂದು ಮಿಲಿಮೀಟರ್ ಸುಣ್ಣದ ಪದರ ಶಾಖಕ್ಕೆ ಒಡ್ಡುವ ತಡೆ ಎರಡು ಮೂರು ಸೆಂಟಿಮೀಟರ್ ದಪ್ಪದ ಕಬ್ಬಿಣಕ್ಕೆ ಸಮ. ಥರ್ಮಾಮೀಟರಿನ ಮುಳ್ಳು ಸರಿಯಾಗಿಯೇ ಇರುತ್ತದೆ, ಹೆಡ್ಡು ಒಳಗೊಳಗೇ ಬೇಯುತ್ತಿರುತ್ತದೆ.

ಬೆಂದರೆ ಆಗುವುದೇನು? 40 ಸೆಂಟಿಮೀಟರ್ ಉದ್ದದ ಹೆಡ್ಡು 80 ಡಿಗ್ರಿ ಹೆಚ್ಚು ಬಿಸಿಯಾಯಿತು ಎಂದಿಟ್ಟುಕೊಳ್ಳಿ. ಅಲ್ಯುಮಿನಿಯಂ ಸುಮಾರು ಮುಕ್ಕಾಲು ಮಿಲಿಮೀಟರ್ ಹಿಗ್ಗುತ್ತದೆ, ಅದರಡಿಯ ಕಬ್ಬಿಣದ ಬ್ಲಾಕು ಅದರ ಅರ್ಧದಷ್ಟು ಮಾತ್ರ. ಎರಡನ್ನೂ ಬೋಲ್ಟು ಬಿಗಿದು ಕಟ್ಟಿಹಾಕಿರುವಾಗ ಹೆಚ್ಚು ಹಿಗ್ಗಿದ್ದು ಸೊಟ್ಟಗಾಗದೆ ಬೇರೆ ದಾರಿಯಿಲ್ಲ. ಹೆಡ್ ಬೋಲ್ಟುಗಳನ್ನು ಪೂರಾ ತಣ್ಣಗಿದ್ದಾಗಲೇ, ತುದಿಗಳಿಂದ ನಡುವಿಗೆ ಬರುತ್ತ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಬಿಗಿಯುವಾಗ ನಡುವಿನಿಂದ ತುದಿಗಳಿಗೆ ಹೋಗಬೇಕು ಎಂಬ ಕಟ್ಟುಪಾಡು ಇದರಿಂದ ಬಂದದ್ದು. ಅದನ್ನು ಮೂಢನಂಬಿಕೆ ಎಂದು ನಗುವ ಮೆಕ್ಯಾನಿಕ್‌ಗಳು ಇದ್ದಾರೆ. ನಗಲಿ.

ಈ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಳೆಯ ರೇಡಿಯೇಟರು ತಾಮ್ರ, ಹಿತ್ತಾಳೆಯದು. ಬ್ಲಾಕು ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ. ಮೂರು ಲೋಹಗಳ ನಡುವೆ ಲವಣ ಕರಗಿದ ನೀರು ಹರಿದಾಡಿದರೆ ಅದು ಬ್ಯಾಟರಿಯೇ. ಅಲ್ಯುಮಿನಿಯಂ ತನ್ನ ಮೈ ಮೇಲಿನ ಆಕ್ಸೈಡಿನ ತೆಳು ಪೊರೆಯಿಂದ ಬದುಕಿಕೊಂಡಿರುತ್ತದೆ. ರೇಡಿಯೇಟರಿನಿಂದ ಕರಗಿ ಬಂದ ತಾಮ್ರದ ಕಣ ಆ ಪೊರೆಯ ದುರ್ಬಲ ಜಾಗದಲ್ಲಿ ಕೂತಿತೆಂದರೆ ಅಲ್ಲೇ ಗುಳಿ ಬೀಳಲು ಶುರು. ಹೆಡ್ ಕಳಚಿದಾಗ ನೀರಿನ ತೂತುಗಳ ಅಂಚು ಹುಳ ತಿಂದ ಹಾಗೆ ಕಾಣುವುದು ಇದರಿಂದ. ಮೇಲ್ಮೈಯನ್ನು ಮೆಷಿನ್ ಶಾಪಿನಲ್ಲಿ ತೆಳ್ಳಗೆ ಕೆತ್ತಿಸಿ ಸಮ ಮಾಡಬಹುದು, ಗುಳಿ ಆಳವಾಗಿದ್ದರೆ ಬೆಸುಗೆ ಹಾಕಿಸಬೇಕು. ಸುಣ್ಣ ಬಿಡಿಸಲು ಸಿಟ್ರಿಕ್ ಆಮ್ಲದ ತೆಳು ದ್ರಾವಣ ಸಾಕು, ಹೆಚ್ಚು ಹೊತ್ತು ಬಿಡದೆ ಚೆನ್ನಾಗಿ ತೊಳೆದುಬಿಡಬೇಕು. ಆಮೇಲೆ ಭಟ್ಟಿ ಇಳಿಸಿದ ನೀರಿಗೆ ಸಮಪಾಲು ಕೂಲೆಂಟ್ ಬೆರೆಸಿ ತುಂಬಬೇಕು. ಅದರ ಎಥಿಲೀನ್ ಗ್ಲೈಕಾಲ್ ನೀರಿನ ಕುದಿಯುವ ಮಟ್ಟ ಏರಿಸುತ್ತದೆ, ಅದರಲ್ಲಿರುವ ರಕ್ಷಕ ರಾಸಾಯನಿಕಗಳು ಮೂರು ಲೋಹಗಳ ಜಗಳ ತಡೆಯುತ್ತವೆ. ಕೂಲೆಂಟ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಬದುಕುವುದು ಕಷ್ಟ.

ಸಿಲಿಂಡರುಗಳ ಬೋರಿಂಗ್, ಕ್ರ್ಯಾಂಕ್‌ ಶಾಫ್ಟ್ ಗ್ರೈಂಡಿಂಗ್ ಮನೆಯ ಕೆಲಸಗಳಲ್ಲ. ತುಮಕೂರಿಗೋ ಬೆಂಗಳೂರಿಗೋ ಕಳಿಸಬೇಕು. ಆದರೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮನೆಯಲ್ಲೇ ಆಗಬೇಕು. ಎಂಜಿನ್ ತಿರುಗುವಂತಾದ ಮೇಲೆ, ಬಿಚ್ಚುವ ಮುನ್ನವೇ, ಕಂಪ್ರೆಷನ್ ಗೇಜನ್ನು ಪ್ಲಗ್ ತೂತಿಗೆ ಹಿಡಿದು ನಾಲ್ಕೂ ಸಿಲಿಂಡರುಗಳನ್ನು ಅಳೆಯಬೇಕು. ಒಂದು ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ದೋಷ ರಿಂಗಿನದು, ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ವಾಲ್ವಿನದು. ಒಂದು ಚಮಚ ಎಣ್ಣೆಯಲ್ಲಿ ಇಷ್ಟು ತರ್ಕ ಅಡಗಿರುವುದು ನನಗೆ ಈಗಲೂ ಸೋಜಿಗವೇ.

ವಾಲ್ವ್ ಕೂರಿಸುವ ಕೆಲಸವಂತೂ ಮನೆಯಲ್ಲಿ ಮಾಡಬೇಕಾದದ್ದೇ. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ಕಪ್ಪಿನ ಕೋಲನ್ನು ಅಂಗೈ ನಡುವೆ ಮಜ್ಜಿಗೆ ಕಡೆಯುವ ಹಾಗೆ ಹೊರಳಿಸಬೇಕು, ಆಗಾಗ ಎತ್ತಿ ಜಾಗ ಬದಲಿಸಬೇಕು. ಬೂದು ಬಣ್ಣದ ಒಂದೇ ಸಮನಾದ ಉಂಗುರ ಮೂಡಿದಾಗ ಪೇಸ್ಟ್ ಪೂರ್ತಿ ತೊಳೆದು, ಹೆಡ್ಡನ್ನು ಬೋರಲಾಗಿಟ್ಟು ಗುಂಡಿಗೆ ಸೀಮೆಎಣ್ಣೆ ಸುರಿಯಿರಿ. ಕೆಳಗೆ ಜಿನುಗದಿದ್ದರೆ ಗಾಳಿಯೂ ಜಿನುಗದು. ಭಾರತದಲ್ಲಿ 2000ನೇ ಇಸವಿಯಿಂದ ಸೀಸವಿಲ್ಲದ ಪೆಟ್ರೋಲು ಮಾತ್ರ ಸಿಗುತ್ತದೆ. ಹಳೆಯ ಕಬ್ಬಿಣದ ಹೆಡ್ಡುಗಳಲ್ಲಿ ವಾಲ್ವಿನ ಪೀಠಕ್ಕೆ ಸೀಸವೇ ಮೆತ್ತೆಯಾಗಿತ್ತು. ಅಂಬಾಸಡರ್ ಇಟ್ಟುಕೊಂಡವರು ಇದನ್ನು ಯೋಚಿಸಬೇಕು. ಪದ್ಮಿನಿಯ ಅಲ್ಯುಮಿನಿಯಂ ಹೆಡ್ಡಿಗೆ ಗಟ್ಟಿ ಲೋಹದ ಪೀಠಗಳನ್ನು ಬೇರೆಯಾಗಿಯೇ ಕೂರಿಸಿರುತ್ತಾರೆ, ಚಿಂತೆ ಕಡಿಮೆ.

ಎಂಜಿನ್ ಇಳಿಸಿದ ಮೇಲೆ ಖಾಲಿಯಾದ ಆ ಗೂಡನ್ನು ನೋಡಬೇಕು. ತೆಂಗಿನ ನಾರಿನ ಇಲಿಗೂಡು, ಅಳಿಲು ಕಡಿದ ವೈರು, ಬ್ಯಾಟರಿ ತಟ್ಟೆಯಡಿ ತೂತು ಬಿದ್ದ ತಗಡು. ಬ್ಯಾಟರಿಯಿಂದ ತುಳುಕಿದ್ದು ಗಂಧಕಾಮ್ಲ, ಅಡುಗೆ ಸೋಡಾ ನೀರು ಹಾಕಿ ಬುರುಗು ನಿಲ್ಲುವವರೆಗೆ ತೊಳೆಯಬೇಕು. ತುಕ್ಕು ಕೆರೆದ ಮೇಲೂ ತಗಡಿನ ಗುಳಿಗಳಲ್ಲಿ ಉಳಿಯುವ ಕೆಂಪಿಗೆ ಅಂಗಡಿಯ ರಸ್ಟ್ ಕನ್ವರ್ಟರ್ ಬಳಿಯುತ್ತಾರೆ. ಅದರಲ್ಲಿ ಹಲವಕ್ಕೆ ಟ್ಯಾನಿಕ್ ಆಮ್ಲವೇ ಮೂಲ. ಅಡಿಕೆ ಬೇಯಿಸಿದವರಿಗೆ ಇದು ಹೊಸದಲ್ಲ. ಚೊಗರು ತಾಗಿದ ಕಬ್ಬಿಣ ಕರ್ರಗಾಗುವುದು ಅದರ ಟ್ಯಾನಿನ್ನು ಕಬ್ಬಿಣದೊಡನೆ ಕೂಡಿ ನೀರಿಗೆ ಕರಗದ ಕಪ್ಪು ಸಂಯುಕ್ತ ಆಗುವುದರಿಂದ. ಹಿಂದಿನವರ ಬರೆಯುವ ಮಸಿಯೂ ಇದೇ ರಸಾಯನ. ಚೊಗರನ್ನೇ ಬಳಿದು ಬಣ್ಣ ಹೊಡೆಯಿರಿ ಎನ್ನುತ್ತಿಲ್ಲ, ಅದರ ಸಾಂದ್ರತೆಗೆ ಲೆಕ್ಕವಿಲ್ಲ. ಶುಚಿ ಮಾಡುವಾಗ ಇನ್ನೊಂದು ಎಚ್ಚರ ಬೇಕು. ಹಳೆಯ ಗ್ಯಾಸ್ಕೆಟ್, ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ. ಅವನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು, ಒದ್ದೆ ಮಾಡಿ ಒರೆಸಬೇಕು. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ರೋಗವಾಗಿ ಬರುತ್ತದೆ.

ಇನ್ನು ಇಂಧನದ ಮಾತು. ಬಂಕಿನ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ಪಸೆ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸುತ್ತದೆ, ಸತುವಿನ ಮಿಶ್ರಲೋಹದ ಕಾರ್ಬ್ಯುರೇಟರನ್ನು ಒಳಗಿನಿಂದ ತಿನ್ನುತ್ತದೆ. ಒಂದು ಕಿಲೋ ಪೆಟ್ರೋಲು ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕವಿದೆ. ಕಾರ್ಬ್ಯುರೇಟರಿನಲ್ಲಿ ಇಂಧನ ಬಿಡುವ ಕಿರುತೂತಾದ ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ, ಅದು ಮೊದಲಿನಷ್ಟೇ ಇಂಧನ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿ ಪ್ಲಗ್ಗಿನ ಬಣ್ಣ ನೋಡಬೇಕು. ತೆಳು ಕಂದು ಸರಿ, ಬಿಳಿಚಿಕೊಂಡಿದ್ದರೆ ಇಂಧನ ಇನ್ನೂ ಕಡಿಮೆ.

ಎಂಜಿನ್ ಎದ್ದ ಮೇಲೆ ಮಾಲೀಕರು ಒಂದು ಪರಿಪಾಠ ಮಾಡಿಕೊಳ್ಳುತ್ತಾರೆ, ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು. ಸುಮ್ಮನೆ ನಿಲ್ಲಿಸುವುದಕ್ಕಿಂತ ಇದು ಕೆಟ್ಟದ್ದು, ಮೂರನೆಯ ನೀರು ತಗಲುವುದು ಇಲ್ಲೇ. ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕ ಸೇರಿ ಆಗುವ ನೀರು. ಎಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ತಣ್ಣಗಿದ್ದರೆ ರಿಂಗುಗಳ ಸಂದಿನಿಂದ ಕೆಳಗಿಳಿದು ಎಣ್ಣೆಗೆ ಬೆರೆತು, ಮುಚ್ಚಳದಡಿ ಬೆಣ್ಣೆ ಬಣ್ಣದ ಕೆಸರಾಗುತ್ತದೆ. ನಮ್ಮ ಸೀಮೆ ಬಿಸಿಲಿನದು, ಥರ್ಮೋಸ್ಟಾಟ್ ಬೇಡ ಎಂದು ಕಿತ್ತು ಬಿಸಾಡುವ ರೂಢಿಯೂ ಇದೇ ತಪ್ಪನ್ನು ಮಾಡುತ್ತದೆ. ಅದರೊಳಗಿನ ಮೇಣ ಕರಗಿ ಹಿಗ್ಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನನ್ನು ಬೇಗ ಕಾಯಿಸುವುದೇ ಅದರ ಕೆಲಸ. ಕಾರು ಹೊರಡಿಸಿದರೆ ತಿಪಟೂರಿನಿಂದ ತುರುವೇಕೆರೆಗೆ ಹೋಗಿ ಬರುವಷ್ಟಾದರೂ ಓಡಿಸಿ, ಎಣ್ಣೆಯೂ ಕಾಯಲಿ. ಹೊರಡಿಸುವಂತಿಲ್ಲದಿದ್ದರೆ ಮುಟ್ಟಬೇಡಿ. ಕಾಯಿಯನ್ನು ಕೊಬ್ಬರಿಯಾಗಲು ನೆಲದ ಮೇಲೆ ಯಾರೂ ಹಾಕುವುದಿಲ್ಲ, ಗಾಳಿಯಾಡುವ ಅಟ್ಟಕ್ಕೇರಿಸುತ್ತಾರೆ. ಕಾರಿಗೂ ಮಣ್ಣಿನ ನೆಲ ಬೇಡ, ಮಣ್ಣು ಪಸೆ ಬಿಡುತ್ತಲೇ ಇರುತ್ತದೆ. ಹಲಗೆ ಹಾಸಿ, ಸುತ್ತ ಗಾಳಿಯಾಡಲು ಬಿಟ್ಟು, ಪ್ಲಗ್ ತೂತುಗಳಿಗೆ ಒಂದೊಂದು ಚಮಚ ಎಂಜಿನ್ ಎಣ್ಣೆ ಹನಿಸಿ ಕೈಯಿಂದ ಎರಡು ಸುತ್ತು ತಿರುಗಿಸಿ, ಕಾರ್ಬ್ಯುರೇಟರಿನ ಬಾಯಿಗೂ ಸೈಲೆನ್ಸರಿನ ಬಾಯಿಗೂ ಬಟ್ಟೆ ತುರುಕಬೇಕು. ಆ ಬಟ್ಟೆಗೆ ಉದ್ದನೆಯ ಕೆಂಪು ದಾರ ಕಟ್ಟಿ ಸ್ಟಿಯರಿಂಗಿಗೆ ಸುತ್ತಿಡಿ, ಮುಂದಿನ ಸಲ ಚಾವಿ ತಿರುಗಿಸುವವರು ಯಾರೋ.